ಪಾಸ್‌ಪೋರ್ಟ್ ಇಲ್ಲದ ಎಂಟು ವರ್ಷ

(ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: ಅಮೆರಿಕದ ಗಾಯಕ, ನಟ, ಹೋರಾಟಗಾರ ಪಾಲ್ ರೋಬ್ಸನ್ ಕುರಿತು ಕಾದಂಬರಿ ಬರೆದಿದ್ದೇನೆ. 1898ರ ಹುಟ್ಟಿನಿಂದ 1976ರ ಸಾವಿನವರೆಗೆ 412 ಪುಟ ಆಗಿದೆ. ಓದಿದವರೆಲ್ಲ ‘ಪಾಠದ ಹಾಗಿದೆ’ ಅನ್ನುತ್ತಾರೆ. ಎಲ್ಲಿ ತಪ್ಪಿದೆ? ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ ಮತ್ತು ರೋಬ್ಸನ್ ಭೇಟಿಯಾಗುವ ದೃಶ್ಯವೊಂದನ್ನು ಕಲ್ಪಿಸಿದ್ದೇನೆ, ಗೆಳೆಯರು ತೆಗೆದುಬಿಡು ಅನ್ನುತ್ತಾರೆ, ಅಷ್ಟು ಸ್ವಾತಂತ್ರ್ಯ ಕಾದಂಬರಿಕಾರನಿಗೆ ಇಲ್ಲವೆ? ಹಾಡುಗಳನ್ನು ಕನ್ನಡಕ್ಕೆ ತರಲು ಅನುಮತಿ ಬೇಕೆ? ‘ನೀಗ್ರೋ’ ಅನ್ನಬಹುದೆ? ಮೂರು ಅಧ್ಯಾಯ ಜೊತೆಗಿಟ್ಟಿದ್ದೇನೆ. ಧಾರಾವಾಹಿಯಾಗಿ ಪರಿಗಣಿಸುವಿರಾ?)

ಮಾನ್ಯರೇ,

ಮೂರೂ ಅಧ್ಯಾಯಗಳನ್ನು ಓದಿದ್ದೇವೆ. ನಿಮ್ಮ ತಯಾರಿ ದೊಡ್ಡದು. ಪ್ರಿನ್ಸ್‌ಟನ್ನಿನ ಚರ್ಚು, ರಟ್ಗರ್ಸ್ ಕಾಲೇಜಿನ ಮೈದಾನ, ಲಂಡನ್ನಿನ ರಂಗಮಂದಿರ, ಒಂದನ್ನೂ ಬಿಟ್ಟಿಲ್ಲ. ತೊಡಕು ಇರುವುದೂ ಅಲ್ಲೇ. 77 ವರ್ಷದ ಬದುಕಿಗೆ 412 ಪುಟ ಅಂದರೆ ವರ್ಷಕ್ಕೆ ಐದು ಪುಟ ಚಿಲ್ಲರೆ. ಐದು ಪುಟದಲ್ಲಿ ಒಂದು ವರ್ಷವನ್ನು ದಾಟಿಸಬೇಕಾದವರು ಸುದ್ದಿ ಹೇಳಿಕೊಂಡು ಹೋಗಬೇಕಾಗುತ್ತದೆ, ಯಾರನ್ನೂ ಕೂರಿಸಿ ಮಾತಾಡಿಸಲು ಪುರುಸೊತ್ತು ಸಿಗುವುದಿಲ್ಲ. ನಿಮ್ಮ ಎರಡನೇ ಅಧ್ಯಾಯ ಒಂದರಲ್ಲೇ ಇಸವಿಯಿಂದ ಶುರುವಾಗುವ ಪ್ಯಾರಾಗಳು ಹನ್ನೊಂದು ಇವೆ. ‘ಪಾಠ’ ಎಂದವರು ಗುರುತಿಸಿದ್ದು ಇದನ್ನೇ.

ನಮ್ಮ ಸಲಹೆ ಇಷ್ಟು. ಕಾದಂಬರಿಯನ್ನು 1950ರಿಂದ 1958ರೊಳಗೆ ಇಡಿ. ಅಮೆರಿಕ ಸರ್ಕಾರ ಅವನ ಪಾಸ್‌ಪೋರ್ಟ್ ರದ್ದು ಮಾಡಿದ ವರ್ಷದಿಂದ, ಅದು ಮರಳಿ ಬಂದ ವರ್ಷದವರೆಗೆ. ಜಗತ್ತೆಲ್ಲ ಕರೆಯುತ್ತಿದ್ದ ಗಾಯಕ ದೇಶದ ಗಡಿ ದಾಟುವಂತಿಲ್ಲ, ದೇಶದೊಳಗೆ ಸಭಾಂಗಣ ಕೊಡುವವರಿಲ್ಲ. ಕಥೆಗೆ ಬೇಕಾದ ಬಿಗಿ ತಾನಾಗಿ ಇಲ್ಲಿದೆ. ಬಾಲ್ಯ, ಕಾಲೇಜು, ಷೇಕ್ಸ್‌ಪಿಯರ್ ನಾಟಕದ ಒಥೆಲೋ ಪಾತ್ರ, ಅಂತರ್ಯುದ್ಧದ ಸ್ಪೇನ್ ಎಲ್ಲವೂ ಈ ಎಂಟು ವರ್ಷದೊಳಗೆ ನೆನಪಾಗಿ ಬರಲಿ, ಬೇಕಾದಾಗ, ಬೇಕಾದಷ್ಟು.

ಇನ್ನೊಂದು ಸಣ್ಣ ತಿದ್ದುಪಡಿ ಇಡೀ ಕೃತಿಯ ಉಸಿರನ್ನೇ ಬದಲಿಸುತ್ತದೆ. ನೀವು ಉದ್ದಕ್ಕೂ ‘ರೋಬ್ಸನ್ ಅವರು ಬಂದರು, ಹಾಡಿದರು, ನೊಂದರು’ ಎಂದು ಬರೆದಿದ್ದೀರಿ. ಕನ್ನಡದಲ್ಲಿ ‘ಅವರು’ ಬಂದ ಕೂಡಲೇ ಓದುಗ ಸನ್ಮಾನದ ಸಭೆಯಲ್ಲಿ ಕೂತ ಹಾಗಾಗುತ್ತದೆ. ಬಹುವಚನದಲ್ಲಿರುವ ವ್ಯಕ್ತಿ ಸುಳ್ಳು ಹೇಳಲಾರ, ಹೆಂಡತಿಯ ಮೇಲೆ ರೇಗಲಾರ, ರಾತ್ರಿ ನಿದ್ದೆ ಬಾರದೆ ಹೊರಳಾಡಲಾರ. ನಿರೂಪಣೆಯಲ್ಲಿ ‘ಅವನು’ ಇರಲಿ. ಈ ಉತ್ತರದಲ್ಲೂ ನಾವು ಹಾಗೇ ಬರೆಯುತ್ತಿದ್ದೇವೆ, ಅಗೌರವಕ್ಕಲ್ಲ.

ಹಾಗೆ ಮಾಡಿದರೆ ಇನ್ನೊಂದು ಲಾಭವೂ ಇದೆ. ಇಂಗ್ಲಿಷಿನಲ್ಲಿ ‘ಯೂ’ ಒಂದೇ. ನಮ್ಮಲ್ಲಿ ನೀನು, ನೀವು ಎರಡಿವೆ. ಬಿಳಿಯ ಗುಮಾಸ್ತ, ಬಿಳಿಯ ಪೊಲೀಸ್, ಹೋಟೆಲಿನವನು ರೋಬ್ಸನ್ನನ್ನು ಹೇಗೆ ಕರೆದರು ಎಂಬುದನ್ನು ಪ್ರತಿ ಸಂಭಾಷಣೆಯಲ್ಲೂ ನೀವು ತೀರ್ಮಾನಿಸಲೇಬೇಕು, ಆ ತೀರ್ಮಾನದಲ್ಲೇ ವರ್ಣಭೇದ ಕಾಣುತ್ತದೆ. ನಿಮ್ಮ ಒಂದನೇ ಅಧ್ಯಾಯದಲ್ಲಿ ಎಲ್ಲರೂ ಎಲ್ಲರನ್ನೂ ‘ನೀವು’ ಅನ್ನುತ್ತಾರೆ. ಪಾದ್ರಿಯಾಗಿದ್ದ ಅಪ್ಪ ವಿಲಿಯಂ ರೋಬ್ಸನ್ ಬಿಳಿಯರೊಡನೆ ‘ನೀವು’ ಎಂದು ಮಾತಾಡಿ ‘ನೀನು’ ಎಂಬ ಉತ್ತರ ಪಡೆಯಲಿ. ಅಮೆರಿಕದ ದಕ್ಷಿಣದಲ್ಲಿ ಅರವತ್ತರ ಮುದುಕನನ್ನೂ ‘ಬಾಯ್’ ಅನ್ನುತ್ತಿದ್ದರು. ಅದನ್ನು ‘ಹುಡುಗ’ ಎಂದರೆ ನಮ್ಮಲ್ಲಿ ಅಕ್ಕರೆ ಬಂದುಬಿಡುತ್ತದೆ. ‘ಲೋ’ ಅನ್ನುವುದೇ ಹತ್ತಿರ.

ಪದದ ಪ್ರಶ್ನೆಯನ್ನೂ ಇಲ್ಲೇ ಮುಗಿಸೋಣ. 1950ರ ದಶಕದಲ್ಲಿ ‘ನೀಗ್ರೋ’ ಅವರ ಸಮುದಾಯವೇ ಗೌರವದಿಂದ ಬಳಸುತ್ತಿದ್ದ ಪದ. ರೋಬ್ಸನ್ ತನ್ನ ಭಾಷಣ, ಬರಹಗಳಲ್ಲಿ ಅದನ್ನೇ ಬಳಸಿದ್ದಾನೆ. ಆದ್ದರಿಂದ ಪಾತ್ರಗಳ ಬಾಯಲ್ಲಿ, ಅಂದಿನ ಪತ್ರಿಕೆಯಲ್ಲಿ, ದಾಖಲೆಯಲ್ಲಿ ಅದು ಇರಲಿ. ನಿರೂಪಕರ ಮಾತಿನಲ್ಲಿ ‘ಕಪ್ಪು ಜನ’ ಅಥವಾ ‘ಕಪ್ಪುವರ್ಣೀಯರು’ ಸಾಕು. ಬೈಗುಳಕ್ಕೆ ನೀವು ಬಳಸಿದ ‘ಕರಿಯ’ ಕೆಲಸ ಮಾಡುವುದಿಲ್ಲ. ಕರಿಯಪ್ಪ, ಕರಿಯಮ್ಮ ನಮ್ಮ ಮನೆಯವರ ಹೆಸರು, ದೇವರ ಹೆಸರು. ಆ ಪದದಲ್ಲಿ ಅಲ್ಲಿನ ಬೈಗುಳದ ವಿಷವಿಲ್ಲ. ಆ ವಿಷವನ್ನು ಪದಕ್ಕಿಂತ ಮಾತಿನ ಧಾಟಿಯಲ್ಲಿ ತನ್ನಿ.

ಈಗ ಅಂಬೇಡ್ಕರ್ ದೃಶ್ಯ. ನಿಮ್ಮ ಗೆಳೆಯರ ಮಾತು ಸರಿ, ತೆಗೆಯಬೇಕು. ಅಂಬೇಡ್ಕರ್ ಕೊಲಂಬಿಯಾದಲ್ಲಿದ್ದದ್ದು 1913ರಿಂದ 1916ರವರೆಗೆ. ರೋಬ್ಸನ್ ಅಲ್ಲಿ ಕಾನೂನು ಓದಿ ಪದವಿ ಪಡೆದದ್ದು 1923ರಲ್ಲಿ. ಅವನು ಅಲ್ಲಿಗೆ ಕಾಲಿಡುವ ಹೊತ್ತಿಗೆ ಅಂಬೇಡ್ಕರ್ ಅಮೆರಿಕ ಬಿಟ್ಟು ವರ್ಷಗಳೇ ಆಗಿದ್ದವು. ಇಷ್ಟನ್ನು ಯಾವ ಓದುಗನಾದರೂ ಹತ್ತು ನಿಮಿಷದಲ್ಲಿ ಪತ್ತೆ ಮಾಡುತ್ತಾನೆ. ಆಮೇಲೆ ನೀವು ಕಷ್ಟಪಟ್ಟು ಹುಡುಕಿ ಬರೆದ ನಿಜದ ಸಂಗತಿಗಳ ಮೇಲೂ ಅವನಿಗೆ ನಂಬಿಕೆ ಹೋಗುತ್ತದೆ. ಬೇಕಾದರೆ ನಿಜವಾದ ಎಳೆಯೇ ಇದೆ. 1946ರಲ್ಲಿ ಅಂಬೇಡ್ಕರ್ ಕಪ್ಪು ಚಿಂತಕ ಡುಬಾಯ್ಸ್‌ಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ನೀಗ್ರೋ ಜನ ಸಲ್ಲಿಸಿದ ಮನವಿಯ ಪ್ರತಿ ಕೇಳಿದರು, ಡುಬಾಯ್ಸ್ ಉತ್ತರಿಸಿದರು. ಡುಬಾಯ್ಸ್ ರೋಬ್ಸನ್ನನ ಒಡನಾಡಿ, ಆಫ್ರಿಕಾದ ಬಿಡುಗಡೆಗಾಗಿ ನಡೆಯುತ್ತಿದ್ದ ಸಂಸ್ಥೆಯಲ್ಲಿ ಜೊತೆಗೆ ದುಡಿದವರು. ಆ ಪತ್ರದ ವಿಷಯ ಇಬ್ಬರ ಮಾತಿನ ನಡುವೆ ಹಾದುಹೋಗಲಿ. ಕೈಕುಲುಕುವ ದೃಶ್ಯಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಈ ವಿಷಯದಲ್ಲಿ ನಾವು ಇಷ್ಟು ಬಿಗಿಯಾಗಿರಲು ಕಾರಣವಿದೆ. ಬೇರೆಯವರು ಬಾಯಲ್ಲಿ ಮಾತು ತುರುಕಿದ್ದರಿಂದಲೇ ಈ ಮನುಷ್ಯನ ಬದುಕು ತಿರುಗಿತು. 1949ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಶಾಂತಿ ಸಮ್ಮೇಳನದಲ್ಲಿ ಅವನು ಮಾತಾಡಿದ. ಸುದ್ದಿಸಂಸ್ಥೆ ಅಮೆರಿಕಕ್ಕೆ ಕಳಿಸಿದ ವರದಿಯಲ್ಲಿದ್ದ ಮಾತು, ಅವನು ನಿಜವಾಗಿ ಆಡಿದ ಮಾತು ಬೇರೆ ಬೇರೆ. ಸೋವಿಯತ್ ದೇಶದ ವಿರುದ್ಧ ನೀಗ್ರೋ ಜನ ಯುದ್ಧಕ್ಕೇ ಹೋಗುವುದಿಲ್ಲ ಎಂದು ಅವನು ಘೋಷಿಸಿದ ಹಾಗೆ ಅಚ್ಚಾಯಿತು. ಮೂರು ತಿಂಗಳಲ್ಲಿ ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್‌ಸನ್‌ನನ್ನು ಕಮ್ಯುನಿಸ್ಟ್ ಒಲವಿನವರನ್ನು ವಿಚಾರಿಸುತ್ತಿದ್ದ ಸಂಸತ್ ಸಮಿತಿಯ ಮುಂದೆ ಕೂರಿಸಿ ರೋಬ್ಸನ್ನನ ವಿರುದ್ಧ ಹೇಳಿಕೆ ಪಡೆದರು. ಆಗಸ್ಟ್ 27ರಂದು ನ್ಯೂಯಾರ್ಕಿನ ಪೀಕ್‌ಸ್ಕಿಲ್ ಬಳಿ ಅವನ ಹಾಡಿನ ಕಛೇರಿಗೆ ಗುಂಪು ನುಗ್ಗಿ ನಿಲ್ಲಿಸಿತು. ಸೆಪ್ಟೆಂಬರ್ 4ರಂದು ಅಲ್ಲೇ ಸಮೀಪದಲ್ಲಿ ಹಾಡಿದಾಗ ಕಾರ್ಮಿಕ ಸಂಘದವರು ಅವನ ಸುತ್ತ ಗೋಡೆಯ ಹಾಗೆ ನಿಂತರು, ಗುಂಡು ಹಾರಬಹುದೆಂಬ ಭಯಕ್ಕೆ. ಹಾಡು ಮುಗಿಸಿ ಮರಳುವ ದಾರಿಯುದ್ದಕ್ಕೂ ಕಾರು, ಬಸ್ಸುಗಳ ಮೇಲೆ ಕಲ್ಲು ಬಿದ್ದವು. ತನ್ನ ಕಾರಿನೊಳಗೆ ಬಿದ್ದ ಕಲ್ಲುಗಳಲ್ಲಿ ಕೆಲವನ್ನು ಗಾಯಕ ಪೀಟ್ ಸೀಗರ್ ಆಮೇಲೆ ಮನೆ ಕಟ್ಟುವಾಗ ಚಿಮಣಿಗೆ ಸೇರಿಸಿದ. ನೀವು ಪ್ಯಾರಿಸ್ ಭಾಷಣವನ್ನು ಪತ್ರಿಕೆಯ ವರದಿಯಿಂದಲೇ ಎತ್ತಿ ಅವನ ಬಾಯಲ್ಲಿ ಇಟ್ಟಿದ್ದೀರಿ. 1949ರ ತಪ್ಪು ನಿಮ್ಮ ಪುಟದಲ್ಲಿ ಮತ್ತೊಮ್ಮೆ ಆಗಿದೆ.

ಹಸ್ತಪ್ರತಿಯ ಮೇಲೆ ಮೂರು ಬಣ್ಣದ ಪೆನ್ಸಿಲ್ ಇಟ್ಟುಕೊಂಡು ಕೂತುಕೊಳ್ಳಿ. ಅವನು ಆಡಿದ್ದಕ್ಕೆ ದಾಖಲೆಯಿರುವ ಮಾತಿಗೆ ಹಸಿರು ಗೆರೆ. ಬೇರೆ ಸಂದರ್ಭದಲ್ಲಿ ಆಡಿದ್ದನ್ನು ಇಲ್ಲಿಗೆ ತಂದಿದ್ದರೆ ಹಳದಿ. ನಿಮ್ಮದೇ ಆದರೆ ಕೆಂಪು. ಕೆಂಪು ಗೆರೆಯ ಮಾತು ಅಡುಗೆಮನೆಯಲ್ಲಿ, ಕಾರಿನಲ್ಲಿ, ರಂಗದ ಹಿಂದಿನ ಕೋಣೆಯಲ್ಲಿ ಎಷ್ಟಾದರೂ ಇರಲಿ, ಕಾದಂಬರಿಯ ಜೀವವೇ ಅದು. ಸಾರ್ವಜನಿಕ ವೇದಿಕೆ, ವಿಚಾರಣೆ, ಪತ್ರಿಕಾ ಹೇಳಿಕೆಗಳಲ್ಲಿ ಕೆಂಪು ಒಂದೂ ಬೇಡ. ಹಳದಿಯನ್ನು ಆದಷ್ಟು ಅದರ ಮೂಲ ಜಾಗಕ್ಕೆ ಕಳಿಸಿ.

ಬಾಲ್ಯದ ದೃಶ್ಯದಲ್ಲೂ ಇಂಥದೇ ಎಡವಟ್ಟಾಗಿದೆ. 1904ರ ಜನವರಿಯಲ್ಲಿ ಒಲೆಯ ಕೆಂಡ ಬಟ್ಟೆಗೆ ತಾಗಿ ಅವನ ತಾಯಿ ಮರಿಯಾ ಲೂಯಿಸಾ ಸತ್ತಳು, ಕಣ್ಣು ಮಂಜಾಗಿದ್ದವಳು. ನೀವು ಐದು ವರ್ಷದ ಪಾಲ್‌ನ ಕಣ್ಣೆದುರೇ ಬೆಂಕಿ ಹೊತ್ತಿಸಿದ್ದೀರಿ, ಎರಡೂವರೆ ಪುಟ. ಅವನೇ ಆತ್ಮಕಥೆಯಲ್ಲಿ ತಾಯಿಯ ನೆನಪಿಲ್ಲ ಎಂದಿದ್ದಾನೆ, ಪೆಟ್ಟಿಗೆಯಲ್ಲಿ ಮಲಗಿಸಿದ್ದು, ಅಂತ್ಯಕ್ರಿಯೆಗೆ ಜನ ಬಂದದ್ದು ಮಾತ್ರ ನೆನಪು. ಅದನ್ನೇ ಬರೆಯಿರಿ. ಮುಖ ನೆನಪಿಲ್ಲದ ತಾಯಿ, ನೆನಪಿರುವ ಪೆಟ್ಟಿಗೆ. ಅರ್ಧ ಪುಟ ಸಾಕು, ಬೆಂಕಿಗಿಂತ ಹೆಚ್ಚು ಸುಡುತ್ತದೆ.

ರಟ್ಗರ್ಸ್ ಅಧ್ಯಾಯದಲ್ಲಿ ಅವನು ಚೆಂಡು ‘ಒದ್ದು ಗೋಲು ಹೊಡೆದ’ ಎಂದಿದೆ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡು ಬಹುತೇಕ ಕೈಯಲ್ಲೇ ಇರುತ್ತದೆ, ಅದನ್ನು ಹಿಡಿದು ಓಡುವವನ ಮೈಮೇಲೆ ಬಿದ್ದು ಕೆಡವುವುದೇ ಆಟ. ನಮ್ಮ ಓದುಗರಿಗೆ ಇದನ್ನು ಎರಡು ವಾಕ್ಯದಲ್ಲಿ ಹೇಳದೆ ಹೋದರೆ ಮುಂದಿನದು ಅರ್ಥವಾಗುವುದಿಲ್ಲ. 1915ರಲ್ಲಿ ತಂಡ ಸೇರಲು ಬಂದ ಹದಿನೇಳರ ಹುಡುಗನ ಮೂಗು ಮುರಿದು, ಭುಜದ ಕೀಲು ತಪ್ಪಿಸಲು ತಂಡದ ಬಿಳಿಯರಿಗೆ ಸಾಧ್ಯವಾದದ್ದು ಆಟದ ನೆಪದಲ್ಲೇ. ಚೇತರಿಸಿಕೊಂಡು ಬಂದಾಗ ಒಬ್ಬ ಮೊಳೆ ಬೂಟಿನಿಂದ ಅವನ ಕೈ ತುಳಿದು ಉಗುರು ಕಿತ್ತ. ಮುಂದಿನ ಸರದಿಯಲ್ಲಿ ಚೆಂಡು ಹಿಡಿದು ಬಂದವನನ್ನು ರೋಬ್ಸನ್ ತಲೆಯ ಮೇಲಕ್ಕೆ ಎತ್ತಿದ. ನೆಲಕ್ಕೆ ಅಪ್ಪಳಿಸುವ ಮೊದಲೇ ತರಬೇತುದಾರ ‘ನೀನು ತಂಡದಲ್ಲಿದ್ದೀಯ’ ಎಂದು ಕೂಗಿದ ಎಂದು ಅವನೇ ಹೇಳಿಕೊಂಡಿದ್ದಾನೆ. ಇದನ್ನು 1950ರ ದಶಕದ ಯಾವುದಾದರೂ ರಾತ್ರಿ, ಅವನು ತನ್ನ ಕೈ ನೋಡಿಕೊಳ್ಳುವಾಗ ನೆನಪಾಗಿಸಿ.

ಆ ಎಂಟು ವರ್ಷದ ದೃಶ್ಯಗಳಿಗೆ ಬರೋಣ. ಹಣದಿಂದ ಶುರು ಮಾಡಿ. ವರ್ಷಕ್ಕೆ ಲಕ್ಷ ಡಾಲರ್ ಮುಟ್ಟುತ್ತಿದ್ದ ಆದಾಯ ಕೆಲವೇ ಸಾವಿರಕ್ಕೆ ಇಳಿಯಿತು. ಕನೆಕ್ಟಿಕಟ್ಟಿನ ಮನೆ ಮಾರಿದರು. ಹಾರ್ಲೆಮ್‌ನಲ್ಲಿ ಪಾದ್ರಿಯಾಗಿದ್ದ ಅಣ್ಣ ಬೆನ್‌ನ ಚರ್ಚಿನ ಮನೆಯಲ್ಲಿ ಉಳಿದುಕೊಂಡ. ದೊಡ್ಡ ಕಂಪನಿಗಳು ರೆಕಾರ್ಡ್ ಮಾಡದಿದ್ದಾಗ ಒಥೆಲೋ ಎಂಬ ಹೆಸರಿನಲ್ಲಿ ತಮ್ಮದೇ ರೆಕಾರ್ಡ್ ಕಂಪನಿ ತೆರೆದರು. ‘ಕಷ್ಟದ ದಿನಗಳು ಬಂದವು’ ಎಂಬ ನಿಮ್ಮ ಒಂದು ಸಾಲಿನ ಬದಲು ಈ ನಾಲ್ಕನ್ನೂ ದೃಶ್ಯವಾಗಿಸಿ.

1952ರ ಆರಂಭದಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಗಣಿ ಕಾರ್ಮಿಕರ ಸಮಾವೇಶಕ್ಕೆ ಹೊರಟವನನ್ನು ಗಡಿಯಲ್ಲಿ ತಡೆದರು. ಕೆನಡಾಕ್ಕೆ ಹೋಗಲು ಅಮೆರಿಕದವರಿಗೆ ಆಗ ಪಾಸ್‌ಪೋರ್ಟೇ ಬೇಕಿರಲಿಲ್ಲ, ಆದರೂ ತಡೆದರು. ಅವನು ಈ ಕಡೆಯಿಂದ ಟೆಲಿಫೋನಿನಲ್ಲಿ ಹಾಡಿದ. ಮೇ 18ರಂದು ಗಡಿಯ ಮೇಲೆಯೇ ಇರುವ ಶಾಂತಿ ಕಮಾನಿನ ಉದ್ಯಾನಕ್ಕೆ ಒಂದು ಲಾರಿ ತಂದು ನಿಲ್ಲಿಸಿದರು. ಅಮೆರಿಕದ ನೆಲದಲ್ಲಿ ಲಾರಿಯ ಮೇಲೆ ಅವನು, ಗಡಿಯಾಚೆ ಕೆನಡಾದ ಸಾವಿರಾರು ಜನ. ಎರಡು ದೃಶ್ಯಗಳ ನಡುವೆ ಮೂರೂವರೆ ತಿಂಗಳು ಇವೆ. ಅದರಲ್ಲಿ ಅವನು ಕಾದದ್ದನ್ನು ಬರೆಯಲು ಮರೆಯಬೇಡಿ.

1956ರ ಜೂನ್ 12ರ ವಿಚಾರಣೆಯನ್ನು ನೀವು ‘ಸಿಂಹದಂತೆ ಗರ್ಜಿಸಿದರು’ ಎಂದು ಅರ್ಧ ಪುಟದಲ್ಲಿ ಮುಗಿಸಿದ್ದೀರಿ. ಸಂಸತ್ ಸಮಿತಿಯ ಆ ದಿನದ ಪ್ರಶ್ನೋತ್ತರ ಪೂರ್ತಿ ಅಚ್ಚಾಗಿದೆ, ಅದೇ ಒಂದು ನಾಟಕ. ಸಿದ್ಧಪಡಿಸಿ ತಂದ ಹೇಳಿಕೆ ಓದಲು ಅವನಿಗೆ ಬಿಡಲಿಲ್ಲ. ರಷ್ಯಾದಲ್ಲೇ ಯಾಕೆ ಉಳಿಯಲಿಲ್ಲ ಎಂದು ಕೇಳಿದಾಗ, ನನ್ನಪ್ಪ ಗುಲಾಮನಾಗಿದ್ದ, ಈ ದೇಶ ಕಟ್ಟಲು ನಮ್ಮ ಜನ ಸತ್ತರು, ಇಲ್ಲೇ ಇರುತ್ತೇನೆ ಎಂಬ ಅರ್ಥದಲ್ಲಿ ಉತ್ತರಿಸಿದ. ಇಲ್ಲಿ ನಿಮ್ಮ ಕೆಲಸ ಬರೆಯುವುದಲ್ಲ, ಕತ್ತರಿಸುವುದು. ಹನ್ನೆರಡು ಪ್ರಶ್ನೆ ಆರಿಸಿಕೊಳ್ಳಿ, ವಿಶೇಷಣ ಒಂದೂ ಸೇರಿಸಬೇಡಿ.

ಹೆಂಡತಿ ಎಸ್ಲಾಂಡಾ ನಿಮ್ಮಲ್ಲಿ ಚಹಾ ತರುತ್ತಾಳೆ, ಅಳುತ್ತಾಳೆ. ಇದು ನಮಗೆ ಬಹಳ ಬೇಸರ ತಂದ ಜಾಗ. ಅವಳು ರಸಾಯನಶಾಸ್ತ್ರ ಓದಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದುಡಿದವಳು, ಲಂಡನ್ನಿನಲ್ಲಿ ಮಾನವಶಾಸ್ತ್ರ ಕಲಿತವಳು, ಆಫ್ರಿಕಾ ಸುತ್ತಿ ಪುಸ್ತಕ ಬರೆದವಳು, ಅವನ ವ್ಯವಹಾರ ನೋಡಿಕೊಂಡವಳು. ಅವನ ಬೇರೆ ಸಂಬಂಧಗಳು ಗೊತ್ತಿದ್ದೂ ಜೊತೆಗಿದ್ದವಳು. 1953ರಲ್ಲಿ, ಕಮ್ಯುನಿಸ್ಟರ ಬೇಟೆಗೆ ಇಳಿದಿದ್ದ ಸೆನೆಟರ್ ಮೆಕಾರ್ಥಿಯ ಸಮಿತಿ ಅವಳನ್ನೂ ಕರೆಯಿತು. ಎಲ್ಲರೂ ಉತ್ತರ ನಿರಾಕರಿಸಲು ಸಂವಿಧಾನದ ಐದನೇ ತಿದ್ದುಪಡಿ ಹೇಳುತ್ತಿದ್ದರೆ, ಅವಳು ಜೊತೆಗೆ ಹದಿನೈದನೆಯದನ್ನೂ ಹೇಳಿದಳು, ಕಪ್ಪು ಜನರಿಗೆ ಮತದ ಹಕ್ಕು ಕೊಟ್ಟದ್ದನ್ನು. ಈ ಒಂದು ಕ್ಷಣಕ್ಕೆ ಒಂದು ಅಧ್ಯಾಯ ಕೊಡಬಹುದು.

ನೀವು ಪೂರ್ತಿ ಬಿಟ್ಟದ್ದು ಸ್ಟಾಲಿನ್ ವಿಷಯ. ಬಿಡಲಾಗದು. 1952ರ ಕೊನೆಗೆ ಅವನಿಗೆ ಸ್ಟಾಲಿನ್ ಶಾಂತಿ ಪ್ರಶಸ್ತಿ ಘೋಷಣೆಯಾಯಿತು, ಮರುವರ್ಷ ಸ್ಟಾಲಿನ್ ಸತ್ತಾಗ ಹೊಗಳಿ ಬರೆದ. ಆದರೆ ಅವನ ಸ್ನೇಹಿತ, ಯಹೂದಿಗಳ ಯಿಡ್ಡಿಷ್ ಭಾಷೆಯ ಸೋವಿಯತ್ ಕವಿ ಫೆಫರ್, ಸ್ಟಾಲಿನ್ ಆಡಳಿತದಲ್ಲೇ 1948ರ ಕೊನೆಗೆ ಬಂಧನವಾಗಿ 1952ರ ಆಗಸ್ಟ್ 12ರಂದು ಗುಂಡಿಗೆ ಬಲಿಯಾಗಿದ್ದ. 1949ರ ಜೂನ್‌ನಲ್ಲಿ ಮಾಸ್ಕೋದ ಹೋಟೆಲ್ ಕೋಣೆಗೆ ಫೆಫರ್‌ನನ್ನು ಕರೆತಂದಿದ್ದರು, ಕದ್ದು ಕೇಳುವವರ ಭಯಕ್ಕೆ ಅವನು ಸನ್ನೆಯಲ್ಲಿ ನಿಜ ತಿಳಿಸಿದ ಎಂಬುದು ರೋಬ್ಸನ್ನನ ಮಗ ದಶಕಗಳ ಮೇಲೆ ಹೇಳಿದ್ದು. ಆ ಪ್ರವಾಸದಲ್ಲೇ ರೋಬ್ಸನ್ ಮಾಸ್ಕೋದ ವೇದಿಕೆಯಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೋದ ಹೋರಾಟಗಾರರ ಹಾಡನ್ನು ಯಿಡ್ಡಿಷ್‌ನಲ್ಲೇ ಹಾಡಿದ. ಮರಳಿ ಬಂದು ಅಮೆರಿಕದಲ್ಲಿ ಫೆಫರ್ ಬಗ್ಗೆ ಬಾಯಿ ಬಿಡಲಿಲ್ಲ. ಕೋಣೆಯ ದೃಶ್ಯವನ್ನು ನೇರವಾಗಿ ಬರೆಯದೆ, ಮಗನ ಬಾಯಲ್ಲಿ ಬಹಳ ವರ್ಷದ ನಂತರದ ಮಾತಾಗಿ ಬರೆಯಿರಿ. ಆ ಮೌನಕ್ಕೆ ನೀವು ಸಮಜಾಯಿಷಿ ಕೊಡಲು ಹೋಗಬೇಡಿ. ಅವನನ್ನು ಬೇಟೆಯಾಡುತ್ತಿದ್ದವರ ಕೈಗೆ ಇನ್ನೊಂದು ಕಲ್ಲು ಕೊಡಲಾರೆ ಎಂಬುದು ಕಾರಣವಿರಬಹುದು, ನಂಬಿದ್ದು ಮುರಿಯುವ ಭಯವೂ ಇರಬಹುದು. ಎರಡನ್ನೂ ಒಳಗಿಟ್ಟುಕೊಂಡ ಮನುಷ್ಯನನ್ನು ತೋರಿಸಿದರೆ ಅವನು ಚಿಕ್ಕವನಾಗುವುದಿಲ್ಲ.

ಹಾಡುಗಳ ಅನುಮತಿ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕ ಸತ್ತ ನಂತರ 60 ವರ್ಷ. ಮಿಸಿಸಿಪಿ ನದಿಯ ಮೇಲಿನ, ರೋಬ್ಸನ್ ಹಾಡಿದ ಪ್ರಸಿದ್ಧ ಹಾಡು ‘ಓಲ್ ಮ್ಯಾನ್ ರಿವರ್’ ಬರೆದ ಹ್ಯಾಮರ್‌ಸ್ಟೈನ್ ತೀರಿಕೊಂಡದ್ದು 1960ರಲ್ಲಿ. 2020ರ ಕೊನೆಗೆ ಇಲ್ಲಿ ಅವಧಿ ಮುಗಿದಿದೆ, ಸಾಲುಗಳನ್ನು ಕನ್ನಡಕ್ಕೆ ತರಬಹುದು. ಗುಲಾಮರ ಕಾಲದ ಭಕ್ತಿಗೀತೆಗಳು ಜನಪದ, ಅವುಗಳಿಗೆ ಒಡೆಯರಿಲ್ಲ. ಆದರೆ ರೋಬ್ಸನ್ನನ ಆತ್ಮಕಥೆಗೆ ಈ ಸ್ವಾತಂತ್ರ್ಯವಿಲ್ಲ, ಅದು ಇನ್ನೂ ಕೃತಿಸ್ವಾಮ್ಯದಲ್ಲಿದೆ. ಸಂಗತಿ ತೆಗೆದುಕೊಳ್ಳಿ, ಪುಟಗಟ್ಟಲೆ ಅನುವಾದಿಸಬೇಡಿ.

ಆ ನದಿಯ ಹಾಡಿನಲ್ಲಿ ಕಾದಂಬರಿಯ ಬೆನ್ನೆಲುಬೇ ಇದೆ. 1928ರಲ್ಲಿ ಲಂಡನ್ನಿನ ರಂಗದ ಮೇಲೆ ಅವನು ಬರೆದಿದ್ದ ಹಾಗೇ ಹಾಡಿದ: ಬದುಕಿ ದಣಿದೆ, ಸಾಯಲು ಭಯ ಎಂಬ ಅರ್ಥ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ರಾಗಕ್ಕೆ, ಸಾಯುವ ತನಕ ಹೋರಾಡುತ್ತಲೇ ಇರಬೇಕು ಎಂಬ ಸಾಲು ಕೂಡಿಸಿಕೊಂಡ. ನೀವು ಎರಡನ್ನೂ ಒಂದೇ ರೀತಿ ಅನುವಾದಿಸಿದ್ದೀರಿ. ಕನ್ನಡದಲ್ಲಿ ಎರಡು ಸಾಲಿಗೂ ಮಾತ್ರೆಗಳ ಲೆಕ್ಕ ಒಂದೇ ಇರಲಿ, ಪದ ಮಾತ್ರ ಬೇರೆಯಾಗಲಿ. ರಾಗ ಅದೇ ಎಂದು ಓದುಗನ ಕಿವಿಗೆ ತಿಳಿಯಬೇಕು. ಭಕ್ತಿಗೀತೆಗಳಲ್ಲಿ ನೀವು ಬಳಸಿದ ‘ಮೋಸೆಸ್’, ‘ಜೋರ್ಡಾನ್’ ಬೇಡ. ಕನ್ನಡ ಬೈಬಲ್ಲಿನ ಮೋಶೆ, ಫರೋಹ, ಐಗುಪ್ತ, ಯೊರ್ದನ್ ಇವೆ. ನಮ್ಮ ಚರ್ಚುಗಳಲ್ಲಿ ತಲೆಮಾರುಗಳಿಂದ ಹಾಡಿ ನಯವಾದ ಪದಗಳು. ಸಂಸ್ಕೃತದ ಸಮಾಸ ದೂರವಿಡಿ. ‘ವಿಮೋಚನೆ’ಗಿಂತ ‘ಬಿಡು’ ಬಲವಾದ ಪದ.

ನಿರೂಪಕ ಯಾರು ಎಂದು ನೀವು ಕೇಳಲಿಲ್ಲ, ನಾವೇ ಹೇಳುತ್ತೇವೆ. 1925ರ ಏಪ್ರಿಲ್ 19ರ ಮೊದಲ ಕಛೇರಿಯಿಂದ ಪಿಯಾನೋ ಮುಂದೆ ಕೂತ ಲಾರೆನ್ಸ್ ಬ್ರೌನ್ ಇದ್ದಾನೆ, ದಶಕಗಳ ಕಾಲ. ಪಿಯಾನೋ ನುಡಿಸುತ್ತಲೇ ಮೇಲಿನ ದನಿಯಲ್ಲಿ ಜೊತೆಗೂಡಿ ಹಾಡುತ್ತಿದ್ದವನು. ರೋಬ್ಸನ್ ತನ್ನ ದನಿ ತನಗೆ ಕೇಳಲೆಂದು ಕಿವಿಯ ಹಿಂದೆ ಅಂಗೈ ಬಟ್ಟಲು ಮಾಡಿಕೊಳ್ಳುತ್ತಿದ್ದುದನ್ನು ಪಕ್ಕದಿಂದ ನೋಡಿದ ಕಣ್ಣು ಅದು.

ಧಾರಾವಾಹಿಯ ಬಗ್ಗೆ: ಕಂತಿಗೆ 1,800ರಿಂದ 2,000 ಪದದಂತೆ 24 ಕಂತು ನಮಗೆ ಸಾಧ್ಯ. 412 ಪುಟ ತಿದ್ದುತ್ತ ಕೂರಬೇಡಿ. ಮೊದಲು ಒಂದೇ ಅಧ್ಯಾಯ ಹೊಸದಾಗಿ ಬರೆದು ಕಳಿಸಿ, 1957ರ ಅಕ್ಟೋಬರ್ 5ರದ್ದು. ವೇಲ್ಸ್‌ನ ಪೋರ್ತ್‌ಕಾಲ್ ಊರಿನಲ್ಲಿ ಗಣಿ ಕಾರ್ಮಿಕರ ಹಾಡಿನ ಹಬ್ಬ, ಸಭಾಂಗಣದಲ್ಲಿ ಸುಮಾರು 5,000 ಜನ. ಅವನು ನ್ಯೂಯಾರ್ಕಿನ ಸ್ಟುಡಿಯೋದಲ್ಲಿ. ನಡುವೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಟೆಲಿಫೋನ್ ಕೇಬಲ್, ಬಳಕೆಗೆ ಬಂದು ಒಂದು ವರ್ಷವಷ್ಟೇ. ಅವನು ಹಾಡಿದ, ಟ್ರಿಯಾರ್ಕಿಯ ಗಂಡಸರ ಮೇಳ ಅಲ್ಲಿಂದ ಅವನಿಗೆ ಹಾಡಿತು. ‘ಗುಡುಗಿನಂಥ ಕಂಠ’ ಎಂದು ಈ ದೃಶ್ಯದಲ್ಲಿ ಬರೆಯಬೇಡಿ. ಸಾಧಾರಣ ಟೆಲಿಫೋನ್ ದಾರಿ 300 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಸರಿಯಾಗಿ ದಾಟಿಸುವುದಿಲ್ಲ, ಮಂದ್ರದ ಗಾಯಕನ ತಳದ ಸ್ವರ 80ರ ಆಸುಪಾಸು. ಸಂಗೀತಕ್ಕೆಂದು ಅಗಲ ಹೆಚ್ಚಿಸಿಕೊಟ್ಟರೂ ಸಮುದ್ರ ದಾಟಿ ಬಂದ ದನಿ ಎದುರು ನಿಂತವನ ದನಿಯಲ್ಲ. ಕಛೇರಿಯ ಧ್ವನಿಮುದ್ರಣ ಉಳಿದಿದೆ. ಕೇಳಿ, ಆ ಸಭಾಂಗಣದವರಿಗೆ ಏನು ಕೇಳಿಸಿತೋ ಅದನ್ನು ಬರೆಯಿರಿ. ಅಧ್ಯಾಯದ ಜೊತೆ ಹಸಿರು, ಹಳದಿ, ಕೆಂಪು ಗೆರೆಯ ಪ್ರತಿಯೂ ಬರಲಿ.

ಸಂಪಾದಕ